ಬೆಳ್ಳಿಯ ಗಡಿಗೆ, ಮಣ್ಣಿನ ಗಡಿಗೆ

ಒಂದೇ ಮಾಘಮಾಸದಲ್ಲಿ ನಮ್ಮ ಮನೆಯಲ್ಲಿ ಎರಡು ಶುಭಕಾರ್ಯಗಳು ಕೂಡಿಬಂದವು. ಒಂದು, ನಮ್ಮ ಕಿರಿಯ ಮಗನ ವಿವಾಹ. ಇನ್ನೊಂದು, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿರುವ ನಮ್ಮ ತಂಗಿಯ ಮಗಳ ಎಂಟು ವರ್ಷದ ಕೂಸಿಗೆ ಲಿಂಗದೀಕ್ಷೆ. ಮದುವೆಗೆ ಮಣ್ಣಿನ ಅರಿವೇಣಿ ಗಡಿಗೆಗಳು ಬೇಕು, ದೀಕ್ಷೆಗೆ ಬೆಳ್ಳಿಯ ಕರಡಿಗೆ ಬೇಕು. ಹಣ ತೆತ್ತರೆ ಎಲ್ಲವೂ ಬಾಗಿಲಿಗೇ ಬಂದು ಬೀಳುವ ಈ ಕಾಲದಲ್ಲಿ ಅವೆರಡಕ್ಕಾಗಿ ಊರೂರು ಸುತ್ತಬೇಕಾದೀತೆಂದು ನಾವು ಎಣಿಸಿರಲಿಲ್ಲ.

ಸುತ್ತುವಂತೆ ಮಾಡಿದ್ದು ಆ ತಂಗಿಯ ಮಗಳು. ಬಂದ ಮರುದಿನ ಆಕೆ ತನ್ನ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕಪ್ಪು ಮಣ್ಣಿನ ಕುಡಿಕೆಯನ್ನೂ ಒಂದು ಬೆಳ್ಳಿಯ ಸರವನ್ನೂ ತೆಗೆದು ನಮ್ಮ ಮುಂದಿಟ್ಟಳು. ಎರಡೂ ನೆರೆಯ ಮೆಕ್ಸಿಕೊ ದೇಶದವು. ಕುಡಿಕೆಯು ವಹಾಕ ಸೀಮೆಯ ಸಾನ್ ಬಾರ್ತೊಲೊ ಕೊಯೊತೆಪೆಕ್ ಎಂಬ ಹಳ್ಳಿಯದು. ಅಲ್ಲಿಯ ಕುಂಬಾರರು ನಮ್ಮ ತಿಗರಿಯಂಥದನ್ನು ಬಳಸದೆ, ಬೋರಲು ಹಾಕಿದ ತಟ್ಟೆಯ ಮೇಲೆ ಇನ್ನೊಂದು ತಟ್ಟೆಯನ್ನಿಟ್ಟು, ಅದನ್ನು ಕೈಯಿಂದಲೇ ತಿರುಗಿಸುತ್ತ ಮಡಕೆ ಮಾಡುತ್ತಾರಂತೆ. ಮಣ್ಣು ಪೂರ್ತಿ ಒಣಗುವ ಮೊದಲು ನುಣುಪು ಕಲ್ಲಿನಿಂದ ಉಜ್ಜಿ ಹೊಗೆಯಲ್ಲಿ ಸುಟ್ಟರೆ ಈ ಕರಿಯ ಹೊಳಪು ಬರುತ್ತದೆ. ದೋಞಾ ರೋಸಾ ಎಂದು ಹೆಸರಾದ ಕುಂಬಾರಗಿತ್ತಿಯೊಬ್ಬರು ಈ ಹೊಳಪನ್ನು ಕಳೆದ ಶತಮಾನದ ನಡುಭಾಗದಲ್ಲಿ ಜಗತ್ತಿಗೆ ಪರಿಚಯಿಸಿದರು. ಅವರ ವಂಶದವರು ಆ ಕೆಲಸವನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಸರವು ತಾಸ್ಕೊ ಎಂಬ ಬೆಟ್ಟದೂರಿನದು. ಬೆಳ್ಳಿಯ ಗಣಿಗಳಿದ್ದ ಆ ಊರಿನಲ್ಲಿ 1931ರಲ್ಲಿ ವಿಲಿಯಂ ಸ್ಪ್ರಾಟ್ಲಿಂಗ್ ಎಂಬ ಅಮೆರಿಕನ್ನರು ಒಂದು ಕಾರ್ಯಾಗಾರ ತೆರೆದರು. ಅಲ್ಲಿ ಕಲಿತವರು ತಮ್ಮ ತಮ್ಮ ಅಂಗಡಿಗಳನ್ನು ಹೂಡಿ, ಊರಿಗೆ ಊರೇ ಬೆಳ್ಳಿಗೆ ಹೆಸರಾಯಿತು.

ಇಷ್ಟನ್ನೂ ವಿವರಿಸಿದ ಮೇಲೆ ಆಕೆ ಕೇಳಿದಳು: "ದೊಡ್ಡಮ್ಮಾ, ಅಲ್ಲಿ ನಾವು ತಲೆತಲಾಂತರದ ಅಂಗಡಿಗಳನ್ನೇ ಹುಡುಕಿಕೊಂಡು ಹೋಗಿ ತಂದೆವು. ನಮ್ಮ ಸೀಮೆಯಲ್ಲಿ ಅಂಥವರು ಯಾರೂ ಉಳಿದಿಲ್ಲವೇ?"

ನಮಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷಗಳಿಂದ ಹಾಸನದಲ್ಲಿ ಮನೆ ಮಾಡಿಕೊಂಡಿದ್ದರೂ ಕೊನೆಯ ಬಾರಿಗೆ ಕುಂಬಾರರ ಹಟ್ಟಿಗೆ ಹೋದದ್ದು ಎಂದೋ ನೆನಪಾಗಲಿಲ್ಲ. ನಾಚಿಕೆಯೇ ಆಯಿತು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಈ ನಾಲ್ಕೂರುಗಳನ್ನು ಎರಡು ದಿನಗಳಲ್ಲಿ ಸುತ್ತಿಬರುವುದೆಂದು ನಿಶ್ಚಯಿಸಿದೆವು. ನಾವು ದಂಪತಿಗಳು, ತಂಗಿಯ ಮಗಳು, ಆಕೆಯ ಕೂಸು, ಹೀಗೆ ನಾಲ್ವರು. ಜೊತೆಯಲ್ಲಿ ಕೆಂಪು ವಸ್ತ್ರದ ಒಂದು ಸಣ್ಣ ಗಂಟು. ಅದರಲ್ಲಿ ಲಿಂಗೈಕ್ಯರಾದ ನಮ್ಮ ತಾಯಿಯವರು ಬಿಟ್ಟುಹೋದ 24 ಬೆಳ್ಳಿ ರೂಪಾಯಿಗಳಿದ್ದವು. "ಮರಿಮಕ್ಕಳ ಕರಡಿಗೆಗೆ ಆಗಲಿ" ಎಂದು ಅವರು ಹೇಳಿಟ್ಟಿದ್ದರು. ಅವುಗಳಲ್ಲಿ ಒಂದಕ್ಕೆ ಕೊಂಡಿ ಬೆಸೆದಿತ್ತು. ತಾಯಿಯವರ ಮದುವೆಯ ರೂಪಾಯಿ ಸರದಲ್ಲಿ ಉಳಿದದ್ದು ಅದೊಂದೇ. "ಅಜ್ಜಿಯ ನಾಣ್ಯಗಳನ್ನು ಕರಗಿಸಬೇಡಿ" ಎಂದು ತಂಗಿಯ ಮಗಳು. "ಹಿರಿಯರ ಮಾತು ನಡೆಯಬೇಕು" ಎಂದು ನಾವು. ಈ ಜಗ್ಗಾಟ ಬಗೆಹರಿಯದೆಯೇ ಪ್ರಯಾಣ ಹೊರಟಿತು.

ಹಾಸನದಲ್ಲಿ ಮೊದಲ ಪಾಠ

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಮಾತ್ರ ತೆರೆಯುವುದೆಂಬುದು ವಾಚಕರಿಗೆ ತಿಳಿದೇ ಇದೆ. ಮುಚ್ಚಿದ ಬಾಗಿಲಿಗೇ ಕೈಮುಗಿದು ಕಟ್ಟಿನಕೆರೆ ಮಾರುಕಟ್ಟೆಯನ್ನು ಹೊಕ್ಕೆವು. ಹಣತೆ, ಕುಡಿಕೆ, ಧೂಪದ ಬಟ್ಟಲು, ಬೇಸಗೆಗೆಂದು ಮುಂಚಿತವಾಗಿ ಬಂದಿದ್ದ ನೀರಿನ ಮಡಕೆಗಳು ಇದ್ದವು. ಅರಿವೇಣಿ ಗಡಿಗೆ ಇರಲಿಲ್ಲ. ಕೆಲವು ಮಡಕೆಗಳಿಗೆ ನಲ್ಲಿಯನ್ನು ಕೂಡಿಸಿ ಬಣ್ಣ ಬಳಿದಿದ್ದರು. "ಇವು ಎಲ್ಲಿಯವು?" ಎಂದರೆ ಮಾರುವಾಕೆ, "ಲಾರಿಯಲ್ಲಿ ಬರ್ತವೆ ಅಕ್ಕಾ, ಮಾಡಿದೋರು ಯಾರೋ ಗೊತ್ತಿಲ್ಲ" ಎಂದಳು.

ಬೆಳ್ಳಿಯ ವಿಷಯದಲ್ಲಿ ನಮಗೆ ಹಿಂದೆ ಒಂದು ಕಹಿ ಅನುಭವವಾಗಿತ್ತು. ಕೆಲವು ವರ್ಷಗಳ ಕೆಳಗೆ ಬೇರೆ ಊರಿನ ದೊಡ್ಡ ಮಳಿಗೆಯೊಂದರಲ್ಲಿ ಕೊಂಡ ಕರಡಿಗೆಯ ಬೆಸುಗೆ ಬಿಟ್ಟಿತು. ಒಳಗೆ ನೋಡಿದರೆ ಇಬ್ಬದಿಯ ತಗಡಿನ ನಡುವೆ ಅರಗು ತುಂಬಿತ್ತು! ಬೆಳ್ಳಿಯೊಂದಿಗೆ ಅರಗನ್ನೂ ಬೆಳ್ಳಿಯ ದರದಲ್ಲಿ ತೂಗಿಸಿಕೊಂಡು ಬಂದಿದ್ದೆವು. ಅಂಥದೇ ಇನ್ನೊಂದು ಮಳಿಗೆಯಲ್ಲಿ ತಾಯಿಯವರ ರೂಪಾಯಿಗಳನ್ನು ತೋರಿಸಿದಾಗ, ಅವರು ಒಂದನ್ನೂ ತಿರುಗಿಸಿ ನೋಡದೆ ಎಲ್ಲವನ್ನೂ ತಕ್ಕಡಿಗೆ ಸುರಿದು, "ಹಳೆಯ ಬೆಳ್ಳಿ, ನೂರಕ್ಕೆ ನಲವತ್ತು ಕಳೆಯುತ್ತೇವೆ" ಎಂದಿದ್ದರು. ಮನಸ್ಸೊಪ್ಪದೆ ಗಂಟನ್ನು ಮನೆಗೆ ತಂದಿದ್ದೆವು.

ಈ ಸಲ ಕಸ್ತೂರಬಾ ರಸ್ತೆಯ ಆಸುಪಾಸಿನಲ್ಲಿ, ಅಜ್ಜ ಹಾಕಿದ ಅಂಗಡಿಯಲ್ಲಿ ಮೊಮ್ಮಗ ಕುಳಿತಿರುವ ಒಂದು ಕಿರಿಯ ಮಳಿಗೆಗೆ ಹೋದೆವು. ಒಂದು ಗಂಟೆ ಆತನ ಪಾಠವನ್ನು ಕೇಳಿದೆವು. ಅದರ ಸಾರ ಗೃಹಿಣಿಯರಿಗೆ ಉಪಯುಕ್ತವಾದದ್ದು. ಅಚ್ಚ ಬೆಳ್ಳಿ ಬಲು ಮೃದು, ನಿತ್ಯ ಬಳಕೆಗೆ ತಡೆಯದು. ಆದ್ದರಿಂದ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿಗೆ 75 ಭಾಗ ತಾಮ್ರ ಬೆರೆಸಿ ಒಡವೆ ಮಾಡುತ್ತಾರೆ. ಮೆಕ್ಸಿಕೊದ ಆ ಸರದ ಕೊಂಡಿಯ ಮೇಲೆ ಒತ್ತಿದ್ದ ಅಂಕಿಯೂ ಅದೇ, 925. ನಮ್ಮ ದೇಶದಲ್ಲಿ ಭಾರತೀಯ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ ಬೆಳ್ಳಿಗೆ 2005ರಲ್ಲಿ ಬಂದಿತು. 2025ರ ಸೆಪ್ಟೆಂಬರ್ 1ರಿಂದ ಪ್ರತಿಯೊಂದು ಹಾಲ್‌ಮಾರ್ಕ್ ವಸ್ತುವಿಗೂ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತು ಹಾಕುವ ಪದ್ಧತಿ ಆರಂಭವಾಯಿತು. ಚಿನ್ನಕ್ಕೆ 2021ರಲ್ಲಿ ಆದಂತೆ ಬೆಳ್ಳಿಗೆ ಇದನ್ನು ಕಡ್ಡಾಯ ಮಾಡಲಿಲ್ಲ, ಕೊಳ್ಳುವವರು ಕೇಳಿ ಪಡೆಯಬೇಕು.

"ನಾಲ್ಕು ಪ್ರಶ್ನೆ ಕೇಳದೆ ಬೆಳ್ಳಿ ಕೊಳ್ಳಬೇಡಿ" ಎಂದನಾತ. ಶುದ್ಧತೆ ಎಷ್ಟು? ಅರಗು, ಕಲ್ಲು, ದಾರ ಕಳೆದು ನಿವ್ವಳ ತೂಕವೆಷ್ಟು? ಸವಕಳಿ ಎಷ್ಟು, ಮಜೂರಿ ಎಷ್ಟು, ಬೇರೆ ಬೇರೆಯಾಗಿ ಬರೆದುಕೊಡುವಿರಾ? ನಾಳೆ ಹಿಂದಕ್ಕೆ ತಂದರೆ ಯಾವ ಲೆಕ್ಕದಲ್ಲಿ ತೆಗೆದುಕೊಳ್ಳುವಿರಿ? ಗಾಳಿಯಲ್ಲಿರುವ ಗಂಧಕದ ಅಂಶ ತಗಲಿ ಬೆಳ್ಳಿ ಕಪ್ಪಾಗುವುದು ಸಹಜ, ಅದು ಕಲಬೆರಕೆಯ ಲಕ್ಷಣವಲ್ಲವೆಂದೂ, ಒರಟು ಪುಡಿಗಳಿಂದ ತಿಕ್ಕಬಾರದೆಂದೂ ಹೇಳಿದನು. ನಮ್ಮ ಹಿರಿಯರು ಕರಡಿಗೆಯನ್ನು ವಿಭೂತಿಯಿಂದ ಉಜ್ಜಿ ಬೆಳಗುತ್ತಿದ್ದುದು ನೆನಪಾಯಿತು.

ಕೊನೆಗೆ ಗಂಟನ್ನು ಬಿಚ್ಚಿದಾಗ ಆತನು ಕೈಮುಗಿದನು. "ತಾಯಿ, ನಮ್ಮಲ್ಲಿ ಅಚ್ಚಿನಲ್ಲಿ ಒತ್ತಿದ ಕರಡಿಗೆ ಇದೆ, ಬೇಕಾದರೆ ಕೊಡ್ತೀನಿ. ಆದರೆ ಇದೇ ಬೆಳ್ಳಿಯಲ್ಲಿ ಆಗಬೇಕು ಅಂದರೆ ನಾವು ಮಾರುವವರು, ಮಾಡುವವರಲ್ಲ. ನಾನು ಇಲ್ಲಿ ಇಟ್ಟುಕೊಂಡರೆ ಯಾವ ಬೆಳ್ಳಿ ಯಾವುದಕ್ಕೆ ಸೇರಿತು ಅಂತ ನನಗೇ ಗೊತ್ತಾಗಲ್ಲ. ಅರಕಲಗೂಡಿನಲ್ಲಿ ಒಬ್ಬರು ಹಿರಿಯರಿದ್ದಾರೆ, ಅವರ ಮುಂದೆ ಕೂತು ಮಾಡಿಸಿ." ಬಂದ ಗಿರಾಕಿಯನ್ನು ಬೇರೆಯವರ ಬಾಗಿಲಿಗೆ ಕಳುಹಿಸುವ ವ್ಯಾಪಾರಿಯನ್ನು ಕಂಡು ನಮಗೆ ಆಶ್ಚರ್ಯವಾಯಿತು.

ಚನ್ನರಾಯಪಟ್ಟಣದ ದಾರಿ

ಅರಕಲಗೂಡಿಗೆ ಮರುದಿನವೆಂದು ಗೊತ್ತುಮಾಡಿ, ಮೊದಲು ಗಡಿಗೆಗಳನ್ನು ಅರಸುತ್ತ ಬೆಂಗಳೂರು ಹೆದ್ದಾರಿಯಲ್ಲಿ ಚನ್ನರಾಯಪಟ್ಟಣದತ್ತ ಹೊರಟೆವು. ಇಕ್ಕೆಲದಲ್ಲೂ ತೆಂಗಿನ ತೋಟಗಳು. 2017ರಲ್ಲಿ ಹಾಸನ ಮತ್ತು ಬೆಂಗಳೂರು ನಡುವೆ ನೇರ ರೈಲುಮಾರ್ಗವು ಪೂರ್ತಿಗೊಂಡ ಮೇಲೆ ಈ ಊರು ರಾಜಧಾನಿಗೆ ಇನ್ನಷ್ಟು ಹತ್ತಿರವಾಗಿದೆ. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2018ರಲ್ಲಿ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನೆರವೇರಿತು. ಸಾವಿರದೆಂಟು ಕಲಶಗಳ ಆ ವೈಭವವನ್ನು ಕಂಡ ಕಣ್ಣಿಗೆ, ಅದೇ ಹಾದಿಯ ಬದಿಯಲ್ಲಿ ಬಿಸಿಲಿಗೆ ಬೋರಲು ಹಾಕಿದ್ದ ಹತ್ತಾರು ಹಸಿ ಮಡಕೆಗಳು ಬಹಳ ಬಡವಾಗಿ ಕಂಡಾವು. ಆದರೆ ನಾವು ಅರಸಿ ಬಂದದ್ದು ಅವುಗಳನ್ನೇ.

ಅಲ್ಲಿ ಗಂಡ, ಹೆಂಡತಿ, ಗಂಡನ ತಮ್ಮ ಮೂವರು ಸೇರಿ ಕೆಲಸ ಮಾಡುತ್ತಾರೆ. ಅವರ ಆವಿಗೆಗೆ ಉರುವಲು ತೆಂಗಿನ ಮಟ್ಟೆ, ಸಿಪ್ಪೆ, ಕರಟ. ತೋಟದವರಿಗೆ ಕಸವಾದದ್ದು ಇವರಿಗೆ ಬೆಂಕಿ. ಒಣಗಿದ ಮಡಕೆಗಳನ್ನು ಸಿಪ್ಪೆಯ ಹಾಸಿನ ಮೇಲೆ ಸಾಲಾಗಿ ಜೋಡಿಸಿ, ಮೇಲೆ ಹುಲ್ಲು ಹೊದಿಸಿ, ಮಣ್ಣು ಮೆತ್ತಿ, ಸಂಜೆ ಬೆಂಕಿ ಇಟ್ಟರೆ ಬೆಳಗಿನವರೆಗೂ ಒಳಗೇ ಬೇಯುತ್ತದೆ. ಆವಿಗೆ ತಣಿಯುವ ಮುನ್ನ ಆತುರಪಟ್ಟು ತೆಗೆದರೆ ಮಡಕೆ ಸೀಳುತ್ತದೆ.

ಕೂಸು ಒಂದು ಕುಡಿಕೆಯನ್ನು ಇಷ್ಟಪಟ್ಟಿತು. ಕುಂಬಾರರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆರಳ ಗೆಣ್ಣಿನಿಂದ ತಟ್ಟಿದರು. ಶಬ್ದ ಮಂಕಾಗಿ ಬಂದಿತು. "ಇದು ಬ್ಯಾಡ ಮಗಾ, ಒಳಗೆ ಎಳೆ ಬಿಟ್ಟೈತೆ" ಎಂದು ಪಕ್ಕಕ್ಕಿಟ್ಟು, ಇನ್ನೊಂದನ್ನು ತಟ್ಟಿದರು. ಅದು ಕಣ್ ಎಂದಿತು. ಅದನ್ನು ಕೂಸಿನ ಕೈಗಿತ್ತು, "ನೀನೂ ತಟ್ಟಿ ನೋಡು" ಎಂದರು. ಮೊದಲನೆಯದರಲ್ಲಿ ನಮ್ಮ ಕಣ್ಣಿಗೆ ಯಾವ ದೋಷವೂ ಕಂಡಿರಲಿಲ್ಲ. ಸುಮ್ಮನೆ ಕೊಟ್ಟಿದ್ದರೆ ನಾವು ಕೊಂಡೇ ಹೋಗುತ್ತಿದ್ದೆವು.

ಹೊಸ ಮಡಕೆಯನ್ನು ಒಂದು ದಿನ ನೀರಿನಲ್ಲಿ ನೆನೆಯಿಟ್ಟು, ಅಡಿಗೆಯದಾದರೆ ಗಂಜಿ ಕಾಯಿಸಿ ಪಳಗಿಸಬೇಕೆಂದು ಮನೆಯಾಕೆ ಹೇಳಿದರು. ಮೆಕ್ಸಿಕೊದಿಂದ ಬಂದ ಮೆರುಗಿನ ಪಾತ್ರೆಗಳನ್ನು ಅಡಿಗೆಗೆ ಬಳಸುವಾಗ ಅಮೆರಿಕದಲ್ಲಿ ಎಚ್ಚರಿಕೆ ಹೇಳುತ್ತಾರೆಂದು ತಂಗಿಯ ಮಗಳು ತಿಳಿಸಿದಳು, ಅಲ್ಲಿಯ ಹಳೆಯ ಪದ್ಧತಿಯ ಮೆರುಗಿನಲ್ಲಿ ಸೀಸದ ಅಂಶ ಇರುವುದುಂಟಂತೆ. ನಮ್ಮ ಕುಂಬಾರರ ಮಡಕೆಗೆ ಕೆಮ್ಮಣ್ಣಿನ ಲೇಪವಲ್ಲದೆ ಬೇರೆ ಮೆರುಗಿಲ್ಲ. ಆ ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಒಳಗಿನ ನೀರು ತಂಪಾಗುವುದು.

ಅರಿವೇಣಿ ಗಡಿಗೆಗಳ ಮಾತು ತೆಗೆದಾಗ ಆತನು ತಲೆಯಲ್ಲಾಡಿಸಿದರು. "ಗಡಿಗೆ ಮಾಡಿಕೊಟ್ಟೇನು. ಸುಣ್ಣ, ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆಯೋ ಕೈ ನಮ್ಮ ಮನೇಲಿ ಈಗಿಲ್ಲ. ಬರೀತಿದ್ದೋರು ನಮ್ಮವ್ವ. ಹೊಳೆನರಸೀಪುರದ ಕಡೆ ನಮ್ಮ ನೆಂಟರು ಅವರೆ, ಅಲ್ಲಿಗೆ ಹೋಗಿ." ಹಾಸನದ ಬೆಳ್ಳಿ ಅಂಗಡಿಯಲ್ಲಿ ಕೇಳಿದ್ದ ಮಾತೇ ಇಲ್ಲಿಯೂ. ನಮ್ಮಲ್ಲಿ ಇಲ್ಲ, ಇಂಥಲ್ಲಿ ಇದೆ.

ಹೋಗುವ ಮುನ್ನ ಅದೇ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿಬಂದೆವು. ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳಲ್ಲಿ ಒಂದೊಂದು ವಿಗ್ರಹದ ಕೊರಳ ಹಾರ, ತೋಳಬಂದಿ, ಕಾಲ್ಗಡಗಗಳನ್ನು ಅಕ್ಕಸಾಲಿಗನೇ ಕುಳಿತು ಮಾಡಿದಂತೆ ಕಡೆದಿದ್ದಾರೆ. ನಮ್ಮನ್ನು ತಡೆದು ನಿಲ್ಲಿಸಿದ್ದು ಆ ಒಡವೆಗಳಿಗಿಂತ ವಿಗ್ರಹಗಳ ಪೀಠದಲ್ಲಿರುವ ಸಣ್ಣ ಅಕ್ಷರಗಳು. ಬೈಚೋಜ, ಮಲ್ಲಿತಮ್ಮ ಎಂದು ಕಡೆದವರ ಹೆಸರುಗಳಿವೆ. ಹಾಲ್‌ಮಾರ್ಕ್ ಇಂದಿನ ಪದವಾಗಿರಬಹುದು, ಆದರೆ ಮಾಡಿದವನು ತನ್ನ ಕೆಲಸಕ್ಕೆ ಹೆಸರಿಟ್ಟು ಹೊಣೆ ಹೊರುವುದು ನಮ್ಮ ಸೀಮೆಗೆ ಎಂಟುನೂರು ವರ್ಷಗಳ ಹಳೆಯ ವಿದ್ಯೆ.

ಹೊಳೆನರಸೀಪುರದ ತಿಗರಿ

ಹೇಮಾವತಿಯ ದಡದ ಹೊಳೆನರಸೀಪುರವನ್ನು ತಲುಪಿದಾಗ ಸಂಜೆಯಾಗಿತ್ತು. ಆ ರಾತ್ರಿ ಪರಿಚಿತರ ಮನೆಯಲ್ಲಿ ತಂಗಿದ್ದು, ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಊರಾಚೆಯ ಆ ಕುಂಬಾರರ ಮನೆಗೆ ಹೋದೆವು.

ಅಂಗಳದಲ್ಲಿ ಎರಡು ತಿಗರಿಗಳಿದ್ದವು. ಒಂದು ಕೋಲಿನಿಂದ ತಿರುಗಿಸುವ ಹಳೆಯದು. ಇನ್ನೊಂದು ವಿದ್ಯುತ್ತಿನದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2018ರಿಂದ ಕುಂಬಾರರಿಗೆ ಇಂಥ ತಿಗರಿಗಳನ್ನು ಹಂಚುತ್ತ ಬಂದಿರುವುದು ಸರಿಯಷ್ಟೆ. ನಿತ್ಯದ ಮಡಕೆ ಕುಡಿಕೆಗಳು ವಿದ್ಯುತ್ತಿನದರಲ್ಲಿ, ಮದುವೆಯ ಗಡಿಗೆಗಳು ಮಾತ್ರ ಹಳೆಯದರಲ್ಲಿ. ಯಜಮಾನರು ಕೋಲನ್ನು ಕುಳಿಗಿಟ್ಟು ಹತ್ತು ಸುತ್ತು ಬೀಸಿದರು. ಚಕ್ರವು ನಿಂತಂತೆ ಕಾಣುವಷ್ಟು ವೇಗವಾಗಿ ತಿರುಗಿತು. ಮಣ್ಣಿನ ಮುದ್ದೆಯಿಂದ ಕೊರಳು ಎದ್ದಿತು, ಹೊಟ್ಟೆ ಉಬ್ಬಿತು. ಆದರೆ ತಿಗರಿಯಿಂದ ಇಳಿಸಿದಾಗ ಅದಕ್ಕೆ ತಳವೇ ಇಲ್ಲ! ಕೂಸು ಗಾಬರಿಯಾಯಿತು. ಸ್ವಲ್ಪ ಆರಿದ ಮೇಲೆ ಮನೆಯಾಕೆ ಒಳಗೆ ಗುಂಡುಕಲ್ಲನ್ನು ಒತ್ತಿಹಿಡಿದು ಹೊರಗಿನಿಂದ ಹಲಗೆಯಲ್ಲಿ ಬಡಿಯತೊಡಗಿದರು. ಬಡಿಬಡಿದಂತೆ ಮಣ್ಣು ಹಿಗ್ಗಿ ತಳ ಕೂಡಿಕೊಂಡಿತು. ಗಂಡ ಕೊಟ್ಟದ್ದು ಬಾಯಿ, ಹೆಂಡತಿ ಕೊಟ್ಟದ್ದು ತಳ. ಒಬ್ಬರಿಂದಲೇ ಗಡಿಗೆಯಾಗದು.

ಆ ಬಡಿತದ ಲಯವನ್ನು ಕೇಳುತ್ತ ನಮಗೆ ಶರಣ ಕುಂಬಾರ ಗುಂಡಯ್ಯನವರು ನೆನಪಾದರು. ಅವರು ಮಡಕೆ ತಟ್ಟುವ ನಾದಕ್ಕೆ ಪರಶಿವನೇ ಕುಣಿದನೆಂದು ಹರಿಹರ ಕವಿಯು ರಗಳೆಯಲ್ಲಿ ಹಾಡಿದ್ದಾನೆ. ಅವರ ಪುಣ್ಯಾಂಗನೆ ಕೇತಲದೇವಿಯವರು ವಚನಗಳನ್ನು ರಚಿಸಿದ ಶರಣೆ. ಪುರಾಣದಲ್ಲಿ ಕೇಳಿ ಭಾವಪರವಶರಾಗುವ ನಾವು, ಅದೇ ಕಾಯಕದ ದಂಪತಿಗಳು ನಮ್ಮ ಊರಿನಿಂದ ಒಂದು ಗಂಟೆಯ ದಾರಿಯಲ್ಲಿದ್ದರೂ ಇಷ್ಟು ವರ್ಷ ಬಂದು ನೋಡಿರಲಿಲ್ಲ.

ಅರಿವೇಣಿಗೆ ಕೆಲವೆಡೆ ಐರಣೆ ಎಂಬ ಹೆಸರೂ ಇದೆ. ಮದುವೆಯ ಮನೆಯವರು ಕುಂಬಾರರ ಮನೆಗೆ ಹೋಗಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಕೆ, ವಸ್ತ್ರ ಒಪ್ಪಿಸಿ, ಗಡಿಗೆಗಳನ್ನು ಪೂಜಿಸಿ ತರುವುದು ಪದ್ಧತಿ. ಅಲ್ಲಿ ಚೌಕಾಸಿಯಿಲ್ಲ. ನಾವು ಕ್ರಯ ಕೇಳಿದಾಗ ಆಕೆ, "ಅರಿವೇಣಿಗೆ ಬೆಲೆ ಹೇಳಂಗಿಲ್ಲ ಅಕ್ಕಾರೆ, ನೀವು ಇಟ್ಟಿದ್ದು ನಾವು ತಗಂಡಿದ್ದು" ಎಂದರು. ಆಗ ನಮ್ಮ ಯಜಮಾನರು, ನಮ್ಮ ಮದುವೆಯಲ್ಲಿ ಏನು ಕೊಟ್ಟಿದ್ದರೆಂದು ಮೆಲ್ಲನೆ ಕೇಳಿದರು. ಐದು ಸೇರು ಅಕ್ಕಿ, ಒಂದು ರವಿಕೆ ಕಣ. ಈಗ ನಾವು ಕಟ್ಟಿಕೊಂಡು ಬಂದಿದ್ದದ್ದೂ ಐದು ಸೇರು ಅಕ್ಕಿ, ಒಂದು ರವಿಕೆ ಕಣ! ಕಲ್ಯಾಣಮಂಟಪದ ಬಾಡಿಗೆ, ಅಡಿಗೆಯವರ ಲೆಕ್ಕ, ಹೂವಿನ ಅಲಂಕಾರ ಎಲ್ಲವೂ ಎಷ್ಟೋ ಪಟ್ಟು ಏರಿವೆ. ಶಾಸ್ತ್ರದ ಹೆಸರಿನಲ್ಲಿ ಏರದೆ ನಿಂತದ್ದು ಕುಂಬಾರರ ಪಾಲು ಒಂದೇ. ಬೆಲೆ ಹೇಳಬಾರದೆಂಬ ಆಕೆಯ ಮರ್ಯಾದೆಯನ್ನು ನಾವು ಅಗ್ಗದ ಕ್ರಯವಾಗಿ ಮಾಡಿಕೊಂಡಿದ್ದೆವು.

ಯಜಮಾನರು ಮತ್ತೊಂದು ಸಂಗತಿ ಹೇಳಿದರು. ಮಡಕೆಗೆ ಬೇಕಾದ ಜಿಗುಟಿನ ಮಣ್ಣು ಕೆರೆಯ ಒಡಲಲ್ಲಿ ಒಂದು ಪದರದಲ್ಲಿ ಮಾತ್ರ ಸಿಗುತ್ತದೆ. ಹಿಂದೆ ಬೇಸಗೆಯಲ್ಲಿ ಕೆರೆ ಇಳಿದಾಗ ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಈಗ ಯಂತ್ರಗಳು ಮೇಲಿನದು ಕೆಳಗಿನದು ಎನ್ನದೆ ಒಟ್ಟಿಗೆ ಬಗೆದು ಒಯ್ಯುತ್ತವೆ. ಮಗ ಬೆಂಗಳೂರಿನಲ್ಲಿ ವಾಹನ ಓಡಿಸುತ್ತಾನೆ. "ಅವನಿಗೆ ಕೆಲಸ ಬರುತ್ತೆ. ಮಣ್ಣೂ ಸಿಕ್ಕಿ, ಕೊಳ್ಳೋರೂ ಬಂದ್ರೆ ನಾಳೇನೇ ಬಂದಾನು" ಎಂದರು. ನಾವು ಅಕ್ಕಿಯನ್ನೂ ಕಣವನ್ನೂ ಶಾಸ್ತ್ರಕ್ಕೆ ಒಪ್ಪಿಸಿ, ನ್ಯಾಯವೆಂದು ತೋರಿದ ಹಣವನ್ನು ತಟ್ಟೆಯಲ್ಲಿಟ್ಟೆವು. ಆಕೆ ಎಣಿಸದೆ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಮದುವೆಗೆ ನಾಲ್ಕು ದಿನ ಮುಂಚೆ ಗಡಿಗೆಗಳನ್ನು ಪೂಜಿಸಿ ಒಯ್ಯಲು ಬರುವುದಾಗಿ ಗೊತ್ತುಮಾಡಿದೆವು.

ಅರಕಲಗೂಡಿನ ಒರೆಗಲ್ಲು

ಅರ್ಕೇಶ್ವರನ ಸನ್ನಿಧಿಯಿಂದ ಹೆಸರು ಪಡೆದ ಅರಕಲಗೂಡಿಗೆ ಮಧ್ಯಾಹ್ನ ಬಂದೆವು. ವಿಶ್ವಕರ್ಮ ಸಮಾಜದ ಗುರುಪೀಠವಾದ ಅರೆಮಾದನಹಳ್ಳಿ ಮಠವಿರುವುದು ಇದೇ ತಾಲ್ಲೂಕಿನಲ್ಲಿ. ನಾವು ಅರಸಿ ಹೋದ ಅಕ್ಕಸಾಲಿಗರು ಎಂಬತ್ತರ ಅಂಚಿನ ಹಿರಿಯರು. ಮನೆಯ ಜಗಲಿಯೇ ಅಂಗಡಿ. ಮಗ ಕುಲುಮೆಯ ಬಳಿ, ಸೊಸೆ ಲೆಕ್ಕದ ಪುಸ್ತಕದ ಬಳಿ.

ಮಾತಿಗೆ ಮಾತು ಬಂದು ಅವರು ತಮ್ಮ ಬಾಲ್ಯವನ್ನು ನೆನೆದರು. 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣದ ಕಟ್ಟಳೆ ಬಂದು, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದ ಒಡವೆ ಮಾಡಬಾರದೆಂದಾಯಿತು. ದೇಶದ ಲಕ್ಷಾಂತರ ಅಕ್ಕಸಾಲಿಗರ ಒಲೆ ಆರಿತು. "ನಮ್ಮಪ್ಪ ಆಗ ಚಿನ್ನ ಬಿಟ್ಟು ಬೆಳ್ಳಿ ಹಿಡಿದರು. ಕರಡಿಗೆ, ಉಡಿದಾರ, ಕಾಲುಂಗುರ. ನಿಮ್ಮ ಜನರ ಕರಡಿಗೆಯೇ ನಮ್ಮ ಮನೆಯ ಅನ್ನ ಉಳಿಸಿದ್ದು" ಎಂದರು. ಚಿನ್ನದ ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾದರೂ ಈ ಮನೆ ಬೆಳ್ಳಿಯನ್ನು ಬಿಡಲಿಲ್ಲ.

ನಾವು ಕೆಂಪು ಗಂಟನ್ನು ಬಿಚ್ಚಿದೆವು. ಅವರು ತಕ್ಕಡಿಯನ್ನು ಮುಟ್ಟಲಿಲ್ಲ. ಕನ್ನಡಕ ಏರಿಸಿ ಒಂದೊಂದೇ ರೂಪಾಯಿಯ ಇಸವಿಯನ್ನು ಓದಿದರು, ಕಲ್ಲಿನ ಮೇಲೆ ಬೀಳಿಸಿ ನಾದವನ್ನು ಕೇಳಿದರು, ಸಂಶಯ ಬಂದದ್ದನ್ನು ಒರೆಗಲ್ಲಿಗೆ ಉಜ್ಜಿದರು. ಕಡೆಗೆ ಎರಡು ಗುಂಪು ಮಾಡಿದರು. ಒಂದರಲ್ಲಿ 17, ಇನ್ನೊಂದರಲ್ಲಿ 7.

ವಿವರಣೆ ಹೀಗಿತ್ತು. ವಿಕ್ಟೋರಿಯಾ ರಾಣಿಯ ಕಾಲದಿಂದ 1939ರವರೆಗೆ ಬ್ರಿಟಿಷರು ಟಂಕಿಸಿದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಕದ್ದು. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಎರಡನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವವುಂಟಾಗಿ 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ಉಳಿದದ್ದಕ್ಕೆ ತಾಮ್ರ, ನಿಕ್ಕಲ್, ಸತುವು ಸೇರಿಸಿದರು. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ನಮ್ಮ ಗಂಟಿನ 17 ಹಳೆಯವು, 7 ಯುದ್ಧಕಾಲದವು.

ಅವರ ಸೊಸೆ ಚೀಟಿಯ ಮೇಲೆ ಲೆಕ್ಕ ಹಾಕಿದರು. ಸವೆತವನ್ನು ಬಿಟ್ಟರೆ 24 ರೂಪಾಯಿಗಳಲ್ಲಿ ಇರುವ ನಿಜವಾದ ಬೆಳ್ಳಿ ಸುಮಾರು 222 ಗ್ರಾಂ. ನೂರಕ್ಕೆ ನಲವತ್ತು ಕಳೆಯುತ್ತೇವೆಂದಿದ್ದ ಮಳಿಗೆಯವರ ಲೆಕ್ಕದಲ್ಲಿ 168 ಗ್ರಾಂ. ವ್ಯತ್ಯಾಸ 54 ಗ್ರಾಂ. "ಕೂಸಿಗೆ ಬೇಕಾದ ಕರಡಿಗೆ 45 ಗ್ರಾಮಿನದು ತಾಯಿ" ಎಂದು ಹಿರಿಯರು ನಕ್ಕರು. ಅಂದು ಒಪ್ಪಿದ್ದರೆ ಒಂದು ಕರಡಿಗೆಗೂ ಮಿಗಿಲಾದ ಬೆಳ್ಳಿಯನ್ನು ಕಣ್ಣಾರೆ ಕಳೆದುಕೊಳ್ಳುತ್ತಿದ್ದೆವು.

ನಮ್ಮ ಜಗ್ಗಾಟವನ್ನು ಅವರೇ ಬಗೆಹರಿಸಿದರು. "ಎಲ್ಲ ಯಾಕೆ ಕರಗಿಸುತ್ತೀರಿ? ನಾಲ್ಕು ರೂಪಾಯಿ ಸಾಕು. ಹಿರಿಯರ ಮಾತೂ ನಡೆಯಿತು, ಉಳಿದದ್ದೂ ಉಳಿಯಿತು. ಈ ಕೊಂಡಿಯದನ್ನು ಮಾತ್ರ ಮುಟ್ಟಬೇಡಿ. ಅದನ್ನು ಬೆಸೆದದ್ದೂ ಒಬ್ಬ ಅಕ್ಕಸಾಲಿಗನೇ, ಅವನ ಕೆಲಸ ಅಳಿಸೋದು ನನಗೆ ಬೇಡ." ಇಪ್ಪತ್ತನಾಲ್ಕು ರೂಪಾಯಿಗಳ ಕೆಲಸವನ್ನು ನಾಲ್ಕಕ್ಕೆ ಇಳಿಸಿಕೊಂಡವರು ಅವರೇ. ತಂಗಿಯ ಮಗಳ ಕಣ್ಣಲ್ಲಿ ನೀರು ಬಂದಿತು.

ಮಗ ನಮ್ಮ ಮುಂದೆಯೇ ನಾಲ್ಕು ರೂಪಾಯಿಗಳನ್ನು ಮೂಸೆಗೆ ಹಾಕಿದರು. ಬೆಳ್ಳಿ ಕರಗಲು ಒಂಬೈನೂರ ಅರವತ್ತು ಡಿಗ್ರಿಗೂ ಮಿಕ್ಕ ಶಾಖ ಬೇಕು. ರಾಜರ ತಲೆಗಳು ಒಂದೊಂದಾಗಿ ಕುಗ್ಗಿ ಕನ್ನಡಿಯಂಥ ಒಂದೇ ಬಿಂದುವಾದವು. "ಮುತ್ತಜ್ಜಿಯ ದುಡ್ಡು ಎಲ್ಲಿ ಹೋಯಿತು?" ಎಂದಿತು ಕೂಸು. "ಎಲ್ಲೂ ಹೋಗಿಲ್ಲ ಮಗು, ನಿನ್ನ ಎದೆಗೆ ಬರ್ತಾ ಇದೆ" ಎಂದರು ಹಿರಿಯರು. ಐದು ದಿನಗಳ ನಂತರ ಬರಲು ಹೇಳಿ ರಸೀತಿ ಬರೆದರು. ಬೆಳ್ಳಿ ಇಷ್ಟು, ಬೆಸುಗೆ ಇಷ್ಟು, ಸವಕಳಿ ಇಷ್ಟು, ಮಜೂರಿ ಇಷ್ಟು. ಹಾಸನದ ಯುವಕ ಹೇಳಿಕೊಟ್ಟ ನಾಲ್ಕು ಪ್ರಶ್ನೆಗಳನ್ನು ನಾವು ಕೇಳುವ ಅಗತ್ಯವೇ ಬೀಳಲಿಲ್ಲ.

ಹೇಳಿದ ದಿನಕ್ಕೆ ಕರಡಿಗೆ ಸಿದ್ಧವಾಗಿತ್ತು. ಉತ್ತರದ ಕಡೆಯ ನಮ್ಮ ಬಂಧುಗಳು ಗುಂಡಗಡಿಗೆ ಎನ್ನುವ ದುಂಡಾಕಾರದ್ದು. ಅದನ್ನು ಅಂಗೈಯಲ್ಲಿ ಹಿಡಿದಾಗ ಆ ಹೆಸರಿನ ಅರ್ಥ ಮೊದಲ ಬಾರಿಗೆ ಮನಸ್ಸಿಗೆ ತಟ್ಟಿತು. ಬೆಳ್ಳಿಯದಾದರೂ ಅದೂ ಗಡಿಗೆಯೇ. ಹೊಳೆನರಸೀಪುರದ ಅಂಗಳದಲ್ಲಿ ಕಂಡ ಅದೇ ಹೊಟ್ಟೆ, ಅದೇ ಬಾಯಿ. ಅಕ್ಕಸಾಲಿಗನು ಬೆಳ್ಳಿಯಲ್ಲಿ ಅನುಕರಿಸಿರುವುದು ಕುಂಬಾರನ ರೂಪವನ್ನು.

ಮನೆಗೆ ಬಂದ ಮೇಲೆ

ಮದುವೆಯೂ ದೀಕ್ಷೆಯೂ ಗುರುಕೃಪೆಯಿಂದ ಸಾಂಗವಾಗಿ ನೆರವೇರಿದವು. ತಂಗಿಯ ಮಗಳು ಕೊಂಡಿಯ ರೂಪಾಯಿಯನ್ನೂ ಚನ್ನರಾಯಪಟ್ಟಣದ ಕುಡಿಕೆಯನ್ನೂ ಟೆಕ್ಸಾಸಿಗೆ ಕೊಂಡೊಯ್ದಳು. ಅವು ಮೆಕ್ಸಿಕೊದ ಕರಿಯ ಕುಡಿಕೆಯ ಪಕ್ಕದಲ್ಲಿ ಕುಳಿತಿವೆಯಂತೆ.

ಆಕೆಯ ಪ್ರಶ್ನೆಗೆ ಈಗ ನಮ್ಮಲ್ಲಿ ಉತ್ತರವಿದೆ. ಉಳಿದಿದ್ದಾರೆ. ಆದರೆ ಅವರಲ್ಲಿಗೆ ಹೋಗುವವರು ಉಳಿದಿಲ್ಲ. ಬೆಳ್ಳಿಯನ್ನು ಒರೆಗಲ್ಲು ಹೇಳುತ್ತದೆ, ಮಡಕೆಯನ್ನು ಬೆರಳಿನ ತಟ್ಟು ಹೇಳುತ್ತದೆ. ಅಂಗಡಿಯನ್ನು ಯಾವುದು ಹೇಳುತ್ತದೆ? ತನ್ನ ಲಾಭಕ್ಕೆ ವಿರುದ್ಧವಾಗಿ ಅದು ಆಡುವ ಒಂದು ಮಾತು. "ನಾವು ಮಾಡುವವರಲ್ಲ", "ಇದು ಬ್ಯಾಡ ಮಗಾ", "ಚಿತ್ತಾರದ ಕೈ ನಮ್ಮಲ್ಲಿಲ್ಲ", "ನಾಲ್ಕೇ ಸಾಕು". ನಾಲ್ಕೂರುಗಳಲ್ಲಿ ನಾವು ಕೇಳಿದ ಈ ಮಾತುಗಳಿಗೆ ಯಾವ ತಕ್ಕಡಿಯಲ್ಲೂ ತೂಕವಿಲ್ಲ. ಅಂಥ ಮಾತಾಡುವವರನ್ನು ಉಳಿಸಿಕೊಳ್ಳುವ ಹೊಣೆ ಕೊಳ್ಳುವ ನಮ್ಮದು.

ಆದ್ದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿ ಮುಂದೆ ಮದುವೆಯೋ ದೀಕ್ಷೆಯೋ ಕೂಡಿಬಂದಾಗ ಒಂದು ದಿನವನ್ನು ಮೀಸಲಿಟ್ಟು, ಮಕ್ಕಳನ್ನೂ ಕರೆದುಕೊಂಡು, ಮಾಡುವವರ ಮನೆಗೇ ಹೋಗಿ. ಬೆಳ್ಳಿಗೆ ಚೀಟಿ ಕೇಳಿ ಪಡೆಯಿರಿ. ಮಣ್ಣಿಗೆ, ಕೇಳದಿದ್ದರೂ, ನ್ಯಾಯವಾದದ್ದನ್ನು ಇಟ್ಟು ಬನ್ನಿ. ಐದು ಸೇರು ಅಕ್ಕಿಯ ಕಾಲ ಮುಗಿಯಿತು.